ಜಿಸಿಎಸ್‌ಇ ಇಲ್ಲ, ಎಸ್ಸೆಸ್ಸೆಲ್ಸಿ ಗಣಿತದಲ್ಲಿ 38: ಇಂಗ್ಲೆಂಡಿನ ಶಿಕ್ಷಕ ತರಬೇತಿಗೆ ಅರ್ಜಿ ಹಾಕಬಹುದೇ?

ಪ್ರಶ್ನೆ: ನಾನು ಕುಮಟಾ ತಾಲೂಕಿನವಳು. ಕನ್ನಡ ಮಾಧ್ಯಮದಲ್ಲಿ ಓದಿ 2010ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದೆ. ಗಣಿತದಲ್ಲಿ 38, ವಿಜ್ಞಾನದಲ್ಲಿ 51, ದ್ವಿತೀಯ ಭಾಷೆಯಾಗಿದ್ದ ಇಂಗ್ಲಿಷಿನಲ್ಲಿ 57 ಅಂಕ ಬಂದಿತ್ತು. ಅನಂತರ ಕಲಾ ವಿಭಾಗದಲ್ಲಿ ಪಿಯುಸಿ ಓದಿ, ಕರ್ನಾಟಕ ವಿಶ್ವವಿದ್ಯಾಲಯದಿಂದ ಪ್ರಥಮ ದರ್ಜೆಯಲ್ಲಿ ಬಿ.ಎ. ಪದವಿ ಪಡೆದೆ. ಈಗ ಶಿರಸಿಯ ಖಾಸಗಿ ಪ್ರಾಥಮಿಕ ಶಾಲೆಯೊಂದರಲ್ಲಿ ಕಲಿಸುತ್ತಿದ್ದೇನೆ. ಬಿ.ಎಡ್. ಆಗಿಲ್ಲ. ಪತಿಗೆ ಇಂಗ್ಲೆಂಡಿನಲ್ಲಿ ಕೆಲಸ ಸಿಕ್ಕಿದ್ದು, ಬರುವ ವರ್ಷ ನಾನೂ ಅವರ ಅವಲಂಬಿತಳಾಗಿ ಹೋಗಲಿದ್ದೇನೆ. ಅಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕಿಯಾಗಲು ಪಿಜಿಸಿಇ (ಪದವಿಯ ನಂತರದ ಶಿಕ್ಷಕ ತರಬೇತಿ) ಪಡೆಯುವ ಆಸೆ. ಒಂದು ಸಂಸ್ಥೆಗೆ ಇಮೇಲ್ ಬರೆದಾಗ ‘ಇಂಗ್ಲಿಷ್, ಗಣಿತ, ವಿಜ್ಞಾನಗಳಲ್ಲಿ ಜಿಸಿಎಸ್‌ಇ (ಅಲ್ಲಿನ ಶಾಲಾ ಪರೀಕ್ಷೆ) ಗ್ರೇಡ್ 4 ಅಥವಾ ಅದಕ್ಕೆ ಸಮನಾದ ಮಟ್ಟ ಬೇಕು’ ಎಂದು ಉತ್ತರಿಸಿದರು. ಹುಬ್ಬಳ್ಳಿಯ ಏಜೆಂಟರೊಬ್ಬರು ಜಿಸಿಎಸ್‌ಇ ಕೇಳದ ಆನ್‌ಲೈನ್ ಪಿಜಿಸಿಇ ಕೊಡಿಸುತ್ತೇವೆ, ಬೇಕಾದರೆ ‘ತತ್ಸಮಾನ ಪ್ರಮಾಣಪತ್ರ’ವನ್ನೂ ಮಾಡಿಸಿಕೊಡುತ್ತೇವೆ ಎನ್ನುತ್ತಿದ್ದಾರೆ. ಇಂಗ್ಲಿಷ್ ಭಾಷಾ ಪರೀಕ್ಷೆಯಾದ ಐಇಎಲ್‌ಟಿಎಸ್ ಬರೆದರೆ ಸಾಲದೇ? ಇಲ್ಲೇ ಬಿ.ಎಡ್. ಮುಗಿಸಿ ಹೋಗುವುದು ಉತ್ತಮವೇ? ಅಥವಾ ಈ ಆಸೆಯನ್ನೇ ಬಿಡಬೇಕೇ?

ಉತ್ತರ: ಆಸೆ ಬಿಡಬೇಕಾಗಿಲ್ಲ, ಅರ್ಜಿಯನ್ನೂ ಹಾಕಬಹುದು. ನಿಮಗೆ ಬಂದಿರುವ ಇಮೇಲನ್ನು ನೀವು ನಿರಾಕರಣೆ ಎಂದು ಓದಿಕೊಂಡಂತಿದೆ, ಆದರೆ ಅದರಲ್ಲಿ ನಿರಾಕರಣೆ ಇಲ್ಲ. ಇಂಗ್ಲೆಂಡಿನಲ್ಲಿ ಶಿಕ್ಷಕ ತರಬೇತಿಗೆ ಯಾರನ್ನು ಸೇರಿಸಿಕೊಳ್ಳಬಹುದು ಎಂಬುದಕ್ಕೆ ಅಲ್ಲಿನ ಶಿಕ್ಷಣ ಇಲಾಖೆ ರೂಪಿಸಿರುವ ನಿಯಮಗಳಿವೆ. ಅವುಗಳ ಪ್ರಕಾರ ಅಭ್ಯರ್ಥಿಗೆ ಪದವಿ ಇರಬೇಕು, ಇಂಗ್ಲಿಷ್ ಮತ್ತು ಗಣಿತದಲ್ಲಿ ಜಿಸಿಎಸ್‌ಇ ಗ್ರೇಡ್ 4ಕ್ಕೆ ಸಮನಾದ ಮಟ್ಟವನ್ನು ಮುಟ್ಟಿರಬೇಕು, 3ರಿಂದ 11 ವರ್ಷದ ಮಕ್ಕಳಿಗೆ ಕಲಿಸುವವರಾದರೆ ಯಾವುದಾದರೂ ಒಂದು ವಿಜ್ಞಾನ ವಿಷಯದಲ್ಲಿಯೂ ಅದೇ ಮಟ್ಟ ಇರಬೇಕು. ನಿಯಮ ಕೇಳುವುದು ಮಟ್ಟವನ್ನೇ ಹೊರತು ಜಿಸಿಎಸ್‌ಇ ಎಂಬ ಹೆಸರಿನ ಕಾಗದವನ್ನಲ್ಲ. ಆ ಮಟ್ಟ ನಿಮ್ಮಲ್ಲಿದೆಯೋ ಇಲ್ಲವೋ ಎಂದು ತೀರ್ಮಾನಿಸುವ ಹೊಣೆಯನ್ನು ಇಲಾಖೆ ತರಬೇತಿ ನೀಡುವ ಸಂಸ್ಥೆಗೇ ಬಿಟ್ಟಿದೆ. ಹಾಗಾಗಿ ಒಂದೇ ಅಂಕಪಟ್ಟಿಯನ್ನು ಒಂದು ವಿಶ್ವವಿದ್ಯಾಲಯ ಒಪ್ಪಿ ಮತ್ತೊಂದು ಒಪ್ಪದಿರುವುದು ಅಲ್ಲಿ ಸಹಜ. ಒಂದು ಕಡೆ ಬಂದ ಉತ್ತರವನ್ನು ಇಡೀ ದೇಶದ ಉತ್ತರವೆಂದು ಭಾವಿಸಬೇಡಿ.

ಜಿಸಿಎಸ್‌ಇ ಎನ್ನುವುದು ಅಲ್ಲಿನ ಮಕ್ಕಳು 16ನೆಯ ವಯಸ್ಸಿಗೆ ವಿಷಯವಾರು ಬರೆಯುವ ಪರೀಕ್ಷೆ. 2017ರಿಂದ ಗಣಿತ ಮತ್ತು ಇಂಗ್ಲಿಷಿಗೆ, ಅನಂತರ ಉಳಿದ ವಿಷಯಗಳಿಗೆ, ಅಕ್ಷರಗಳ ಬದಲು 9ರಿಂದ 1ರವರೆಗಿನ ಅಂಕಿಗಳಲ್ಲಿ ಗ್ರೇಡ್ ಕೊಡುತ್ತಿದ್ದಾರೆ. 9 ಅತ್ಯುನ್ನತ, 4 ಎಂದರೆ ಹಳೆಯ ‘ಸಿ’. ವಯಸ್ಸಿನ ಲೆಕ್ಕದಲ್ಲಿ ನಮ್ಮ ಎಸ್ಸೆಸ್ಸೆಲ್ಸಿಯೂ ಅಲ್ಲಿಗೇ ಬಂದು ನಿಲ್ಲುತ್ತದೆ. ತೊಡಕು ಇರುವುದು ನಿಮ್ಮ ಅಂಕಗಳಲ್ಲಿ. ನೀವು ಬರೆದ ಕಾಲದಲ್ಲಿ ನಮ್ಮಲ್ಲಿ 35 ಬಂದರೆ ಪಾಸು. ಅಲ್ಲಿನ ಸಂಸ್ಥೆಗಳು ಪರದೇಶದ ಹತ್ತನೆಯ ತರಗತಿಯನ್ನು ಒಪ್ಪುವಾಗಲೂ ಬರಿಯ ಪಾಸಿಗೆ ತೃಪ್ತರಾಗದೆ, ಅದಕ್ಕಿಂತ ಮೇಲಿನ ಅಂಕವನ್ನು ತಮ್ಮ ಮಿತಿಯಾಗಿ ಇಟ್ಟುಕೊಂಡಿರುವುದು ಸಾಮಾನ್ಯ. ಆ ಲೆಕ್ಕದಲ್ಲಿ ವಿಜ್ಞಾನದ 51ನ್ನು ಕೆಲವರಾದರೂ ಪರಿಗಣಿಸಬಹುದು, ಗಣಿತದ 38ನ್ನು ಒಪ್ಪುವವರು ಅಪರೂಪ ಎಂದುಕೊಂಡೇ ನೀವು ಮುಂದಿನ ಯೋಜನೆ ಹಾಕಿಕೊಳ್ಳುವುದು ಕ್ಷೇಮ.

ಇಲ್ಲಿ ಹಲವರು ಎಡವುವ ಇನ್ನೊಂದು ಜಾಗವಿದೆ. ಯುಕೆ ಎನಿಕ್ ಎಂಬ ಸಂಸ್ಥೆ (2021ಕ್ಕೆ ಮೊದಲು ಅದಕ್ಕೆ ನಾರಿಕ್ ಎಂಬ ಹೆಸರಿತ್ತು) ಪರದೇಶದ ವಿದ್ಯಾರ್ಹತೆಯನ್ನು ಬ್ರಿಟನ್ನಿನ ಯಾವ ಹಂತಕ್ಕೆ ಹೋಲಿಸಬಹುದು ಎಂದು ಬರೆದುಕೊಡುತ್ತದೆ. ನಿಮ್ಮ ಬಿ.ಎ. ಪದವಿಗೆ ಸಂಬಂಧಿಸಿದಂತೆ ಈ ಹೋಲಿಕಾ ಪತ್ರವನ್ನು ಬಹುತೇಕ ಕಡೆ ಕೇಳುತ್ತಾರೆ. ಆದರೆ ಎಸ್ಸೆಸ್ಸೆಲ್ಸಿಗೂ ಅದೊಂದನ್ನು ಮಾಡಿಸಿಕೊಂಡರೆ ಗಣಿತದ ಸಮಸ್ಯೆ ಬಗೆಹರಿಯಿತು ಎಂದು ತಿಳಿದು ದುಡ್ಡು ಕಟ್ಟುವವರಿದ್ದಾರೆ, ಅದು ಸರಿಯಲ್ಲ. ಆ ಪತ್ರ ಪ್ರಮಾಣಪತ್ರದ ಒಟ್ಟು ಹಂತವನ್ನು ಹೇಳುತ್ತದೆಯೇ ಹೊರತು ನಿಮ್ಮ ಗಣಿತದ 38ನ್ನು 4 ಆಗಿ ಮಾಡಿಕೊಡುವುದಿಲ್ಲ. ಅಲ್ಲದೆ, ಅರ್ಜಿ ಸಲ್ಲಿಸಿದ ಅಭ್ಯರ್ಥಿಗಳಿಗೆ ಈ ಪತ್ರವನ್ನು ಉಚಿತವಾಗಿ ಕೊಡಿಸುವ ಅನುಕೂಲವನ್ನು ಅಲ್ಲಿನ ಶಿಕ್ಷಣ ಇಲಾಖೆಯ ‘ಗೆಟ್ ಇನ್‌ಟು ಟೀಚಿಂಗ್’ ಸೇವೆ ಒದಗಿಸುತ್ತ ಬಂದಿದೆ. ಅವರನ್ನು ಕೇಳದೆ ನೀವಾಗಿ ಶುಲ್ಕ ತೆರಬೇಡಿ.

ಆದ್ದರಿಂದ ಮೊದಲ ಕೆಲಸ ಯಾವ ಪರೀಕ್ಷೆಗೂ ಹೆಸರು ಕೊಡುವುದಲ್ಲ, ಪತ್ರ ಬರೆಯುವುದು. ನಿಮ್ಮ ಪತಿ ಇರುವ ಊರಿನಿಂದ ನಿತ್ಯ ಹೋಗಿ ಬರಬಹುದಾದಷ್ಟು ದೂರದಲ್ಲಿ ಪ್ರಾಥಮಿಕ ತರಬೇತಿ ನೀಡುವ ನಾಲ್ಕೈದು ಸಂಸ್ಥೆಗಳನ್ನು ಆರಿಸಿ, ಪ್ರತಿಯೊಂದರ ಪ್ರವೇಶ ವಿಭಾಗಕ್ಕೂ ಬೇರೆ ಬೇರೆಯಾಗಿ ಇಮೇಲ್ ಬರೆಯಿರಿ. ‘ನಾನು ಅರ್ಹಳೇ?’ ಎಂದು ಕೇಳಿದರೆ ಈಗ ಬಂದಿರುವಂಥ ಸಿದ್ಧ ಉತ್ತರವೇ ಮತ್ತೆ ಬರುತ್ತದೆ. ಅಂಕಪಟ್ಟಿಯನ್ನು ಲಗತ್ತಿಸಿ, ಮೂರು ವಿಷಯಗಳ ಅಂಕಗಳನ್ನು ಪತ್ರದಲ್ಲೇ ನಮೂದಿಸಿ, ಇವುಗಳಲ್ಲಿ ಯಾವುದನ್ನು ನೀವು ಗ್ರೇಡ್ 4ಕ್ಕೆ ಸಮಾನವೆಂದು ಒಪ್ಪುತ್ತೀರಿ, ಒಪ್ಪದ ವಿಷಯಕ್ಕೆ ತತ್ಸಮಾನ ಪರೀಕ್ಷೆಯನ್ನು (ಜಿಸಿಎಸ್‌ಇ ಬದಲು ಅದೇ ಮಟ್ಟವನ್ನು ತೋರಿಸಲು ಬರೆಯುವ ಪರೀಕ್ಷೆ) ಅಂಗೀಕರಿಸುತ್ತೀರಾ, ಅಂಗೀಕರಿಸುವುದಾದರೆ ನೀವೇ ನಡೆಸುವ ಪರೀಕ್ಷೆಯನ್ನು ಮಾತ್ರವೋ ಹೊರಗಿನವರದ್ದನ್ನೂ ಒಪ್ಪುತ್ತೀರೋ, ಫಲಿತಾಂಶ ಬರುವ ಮುನ್ನ ಷರತ್ತುಬದ್ಧವಾಗಿ ಸೀಟು ಕೊಡುತ್ತೀರಾ ಎಂದು ಒಂದೊಂದಾಗಿ ಕೇಳಿ. ಬಂದ ಉತ್ತರಗಳನ್ನು ಅಳಿಸದೆ ಇಟ್ಟುಕೊಳ್ಳಿ. ಫೋನಿನಲ್ಲಿ ಯಾರೋ ‘ಆಗುತ್ತದೆ’ ಎಂದದ್ದು ಮುಂದೆ ಸಾಕ್ಷಿಗೆ ನಿಲ್ಲುವುದಿಲ್ಲ.

ಅಂಕಪಟ್ಟಿ ಕಳಿಸುವಾಗ ಒಂದು ಸಣ್ಣ ಎಚ್ಚರಿಕೆ ಬೇಕು. ನಮ್ಮ ಎಸ್ಸೆಸ್ಸೆಲ್ಸಿಯ ಒಟ್ಟು ಅಂಕ 625. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100. ನಮಗಿದು ಬಾಯಿಪಾಠ, ಅಲ್ಲಿ ಕುಳಿತು ನೋಡುವ ಗುಮಾಸ್ತರಿಗೆ ಅಲ್ಲ. ಕನ್ನಡದಲ್ಲಿ 104 ಎಂದಿದ್ದರೆ ನೂರಕ್ಕೆ ನೂರನಾಲ್ಕು ಹೇಗೆ ಬಂತು ಎಂಬ ಗೊಂದಲ ಅವರದಾಗುತ್ತದೆ, ಆ ಗೊಂದಲದಲ್ಲಿ ಕಡತ ಬದಿಗೆ ಸರಿಯುತ್ತದೆ. ಯಾವ ವಿಷಯಕ್ಕೆ ಗರಿಷ್ಠ ಅಂಕವೆಷ್ಟು, ಪಾಸಿಗೆ ಎಷ್ಟು, ಇಂಗ್ಲಿಷನ್ನು ಯಾವ ಭಾಷೆಯಾಗಿ ಓದಿದಿರಿ ಎಂಬುದನ್ನು ಅರ್ಧ ಪುಟದಲ್ಲಿ ಇಂಗ್ಲಿಷಿನಲ್ಲಿ ಬರೆದು ಅಂಕಪಟ್ಟಿಯ ಜೊತೆಗೆ ಇಡಿ. ಪರೀಕ್ಷೆ ನಡೆಸಿದ ಮಂಡಳಿಯ ಹೆಸರು 2022ರಲ್ಲಿ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಎಂದು ಬದಲಾಗಿರುವುದರಿಂದ, ನಿಮ್ಮ 2010ರ ಅಂಕಪಟ್ಟಿಯಲ್ಲಿರುವ ಹಳೆಯ ಹೆಸರು ಅಂತರ್ಜಾಲದಲ್ಲಿ ಹುಡುಕಿದವರಿಗೆ ಸಿಗದೆ ಹೋಗಬಹುದು. ಅದನ್ನೂ ಒಂದು ಸಾಲಿನಲ್ಲಿ ತಿಳಿಸಿ.

ಈಗ ಗಣಿತದ ಮಾತು. ನಿಮ್ಮೆದುರು ಮೂರು ದಾರಿಗಳಿವೆ. ತರಬೇತಿ ಸಂಸ್ಥೆ ಒಪ್ಪುವ ತತ್ಸಮಾನ ಪರೀಕ್ಷೆ ಬರೆಯುವುದು ಒಂದು, ಖಾಸಗಿ ಅಭ್ಯರ್ಥಿಯಾಗಿ ಜಿಸಿಎಸ್‌ಇ ಪರೀಕ್ಷೆಯನ್ನೇ ಬರೆಯುವುದು ಇನ್ನೊಂದು, ಇಲ್ಲಿರುವಾಗಲೇ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೆಯ ತರಗತಿಯ ಗಣಿತವನ್ನು ಬಿಡಿ ವಿಷಯವಾಗಿ ಮತ್ತೆ ಬರೆದು ಒಳ್ಳೆಯ ಅಂಕ ಪಡೆಯುವುದು ಮೂರನೆಯದು. ಮೂರನೆಯದು ಖರ್ಚು ಕಡಿಮೆಯದು. ವರ್ಷಕ್ಕೆ ಎರಡು ಬಾರಿ, ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರ್ ತಿಂಗಳುಗಳಲ್ಲಿ, ಪರೀಕ್ಷೆ ನಡೆಯುತ್ತದೆ. ಆದರೆ ಕೊನೆಗೆ ಕೈಗೆ ಬರುವುದು ಮತ್ತೊಂದು ಭಾರತೀಯ ಅಂಕಪಟ್ಟಿಯೇ ಆದ್ದರಿಂದ ‘ಇದನ್ನು ಒಪ್ಪುತ್ತೀರಾ’ ಎಂಬ ಪ್ರಶ್ನೆ ಅಲ್ಲಿಗೇ ಮರಳಿ ಬರುತ್ತದೆ. ಸಂಸ್ಥೆಯೊಂದು ಒಪ್ಪುತ್ತೇನೆಂದು ಲಿಖಿತವಾಗಿ ತಿಳಿಸಿದರೆ ಮಾತ್ರ ಆ ದಾರಿ ಹಿಡಿಯಿರಿ.

ತತ್ಸಮಾನ ಪರೀಕ್ಷೆ ಬೇಗ ಮುಗಿಯುತ್ತದೆ, ವರ್ಷದ ಹಲವು ಸಮಯಗಳಲ್ಲಿ ಬರೆಯಬಹುದು, ಆನ್‌ಲೈನಿನಲ್ಲಿ ನಡೆಸುವವರೂ ಇದ್ದಾರೆ. ಅದರ ಮಿತಿಯೆಂದರೆ ಆ ಫಲಿತಾಂಶ ಅದನ್ನು ಒಪ್ಪಿದ ಸಂಸ್ಥೆಗಳ ಹೊಸ್ತಿಲಿನೊಳಗೆ ಮಾತ್ರ ಸಲ್ಲುತ್ತದೆ. ಅದು ಜಿಸಿಎಸ್‌ಇ ಆಗುವುದಿಲ್ಲ. ಮುಂದಿನ ವರ್ಷ ನಿಮ್ಮ ಪತಿಗೆ ಬೇರೆ ಊರಿಗೆ ವರ್ಗವಾಗಿ, ಅಲ್ಲಿನ ಸಂಸ್ಥೆ ಅದನ್ನು ಅಂಗೀಕರಿಸದಿದ್ದರೆ ಮತ್ತೆ ಮೊದಲಿನಿಂದ ಶುರು. ವಯಸ್ಕರಿಗಾಗಿ ಇರುವ ‘ಫಂಕ್ಷನಲ್ ಸ್ಕಿಲ್ಸ್’ ಎಂಬ ಎರಡನೆಯ ಹಂತದ ಪರೀಕ್ಷೆಯನ್ನೂ ಕೆಲವರು ಸೂಚಿಸುತ್ತಾರೆ. ಅದರ ಪಠ್ಯ ಜಿಸಿಎಸ್‌ಇಯಷ್ಟು ವಿಸ್ತಾರವಲ್ಲ ಎಂಬ ಕಾರಣಕ್ಕೆ ಶಿಕ್ಷಕ ತರಬೇತಿಯವರು ಸಾಮಾನ್ಯವಾಗಿ ಅದನ್ನು ಸಮಾನವೆಂದು ಎಣಿಸುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ವಿಜ್ಞಾನಕ್ಕೂ ಇಂಗ್ಲಿಷಿಗೂ ಏನೇ ಮಾಡಿ, ಗಣಿತವನ್ನು ಮಾತ್ರ ಜಿಸಿಎಸ್‌ಇಯಲ್ಲೇ ಬರೆಯಿರಿ. ಅಂಕಗಳ ಲೆಕ್ಕ ಬದಿಗಿಟ್ಟರೂ ಇದಕ್ಕೊಂದು ಕಾರಣವಿದೆ. ಅಲ್ಲಿ ಪ್ರಾಥಮಿಕ ಶಿಕ್ಷಕಿಯೆಂದರೆ ಒಂದೇ ತರಗತಿಗೆ ಬಹುಮಟ್ಟಿಗೆ ಎಲ್ಲ ವಿಷಯಗಳನ್ನೂ ಕಲಿಸುವವರು, ಗಣಿತದಿಂದ ತಪ್ಪಿಸಿಕೊಳ್ಳುವಂತಿಲ್ಲ. ಎಂಟು-ಒಂಬತ್ತು ವರ್ಷದ ಮಕ್ಕಳಿಗೆ, ಅಂದರೆ ಅವರ ನಾಲ್ಕನೆಯ ವರ್ಷದ ತರಗತಿಯಲ್ಲಿ, ಹನ್ನೆರಡರ ಮಗ್ಗಿಯವರೆಗೆ ಸರ್ಕಾರಿ ಪರೀಕ್ಷೆಯೊಂದಿದೆ. ಪರದೆಯ ಮೇಲೆ 25 ಪ್ರಶ್ನೆಗಳು, ಪ್ರತಿಯೊಂದಕ್ಕೂ ಉತ್ತರಿಸಲು 6 ಸೆಕೆಂಡು. (ಬೆಳಿಗ್ಗೆ ಪ್ರಾರ್ಥನೆ ಮುಗಿದೊಡನೆ ಮಗ್ಗಿ ಒಪ್ಪಿಸಿ ಬೆಳೆದ ನಮ್ಮ ಕನ್ನಡ ಶಾಲೆಯ ಮಕ್ಕಳಿಗೆ ಇದು ಹೊಸತೆನಿಸಲಾರದು, ಅಲ್ಲಿನ ಶಿಕ್ಷಕರಿಗೆ ಮಾತ್ರ ಇದು ವರ್ಷವಿಡೀ ಕಾಡುವ ಚಿಂತೆ.) ಸಂದರ್ಶನದಲ್ಲಿಯೂ ನಿಮ್ಮ ಗಣಿತದ ಬಗ್ಗೆ ಕೇಳಿಯೇ ಕೇಳುತ್ತಾರೆ. ಆಗ ‘ಮತ್ತೆ ಕುಳಿತು ಓದಿ ಜಿಸಿಎಸ್‌ಇ ಬರೆದಿದ್ದೇನೆ’ ಎನ್ನುವ ಉತ್ತರಕ್ಕೆ ಇರುವ ತೂಕ ಬೇರೆ.

ಜಿಸಿಎಸ್‌ಇ ಗಣಿತದಲ್ಲಿ ಎರಡು ಶ್ರೇಣಿಗಳಿವೆ. ಫೌಂಡೇಶನ್ ಶ್ರೇಣಿಯಲ್ಲಿ 1ರಿಂದ 5ರವರೆಗೆ ಗ್ರೇಡ್ ಸಿಗುತ್ತದೆ, ಹೈಯರ್ ಶ್ರೇಣಿ 4ರಿಂದ 9ಕ್ಕೆ ಮೀಸಲು. ನಿಮಗೆ ಬೇಕಾಗಿರುವುದು 4 ಆದ್ದರಿಂದ ಫೌಂಡೇಶನ್ ಸಾಕು, ಘನತೆಗಾಗಿ ಹೈಯರ್ ಆರಿಸಿಕೊಳ್ಳುವ ಅಗತ್ಯವಿಲ್ಲ. ತಲಾ ಒಂದೂವರೆ ಗಂಟೆಯ ಮೂರು ಪತ್ರಿಕೆಗಳು. ಒಂದರಲ್ಲಿ ಕ್ಯಾಲ್ಕುಲೇಟರ್ ಇಲ್ಲ, ಉಳಿದೆರಡರಲ್ಲಿ ಬಳಸಬಹುದು. ನೀವು ಹತ್ತನೆಯ ತರಗತಿಯಲ್ಲಿ ಹೆದರಿದ್ದ ಪ್ರಮೇಯಗಳ ಸಾಧನೆ ಇಲ್ಲಿ ಅಷ್ಟಾಗಿ ಬರುವುದಿಲ್ಲ. ಅನುಪಾತ, ಶೇಕಡಾವಾರು, ಭಿನ್ನರಾಶಿ, ನಕ್ಷೆ, ಸಂಭವನೀಯತೆ, ಸರಳ ಬೀಜಗಣಿತ ಇವೇ ಹೆಚ್ಚು. ಹಾಗೆಂದು ಸಲೀಸಲ್ಲ, ಪ್ರಶ್ನೆಗಳನ್ನು ಮಾತಿನಲ್ಲಿ ಸುತ್ತಿ ಕೇಳುತ್ತಾರೆ. ಉದಾಹರಣೆಗೆ, ಶೇ. 20 ರಿಯಾಯಿತಿಯ ನಂತರ ಕೋಟೊಂದರ ಬೆಲೆ 64 ಪೌಂಡ್, ಮೂಲ ಬೆಲೆ ಎಷ್ಟು ಎಂಬ ಬಗೆಯ ಪ್ರಶ್ನೆ ಅಲ್ಲಿ ಮಾಮೂಲು. ಸೂತ್ರ ಬಾಯಿಪಾಠ ಮಾಡಿ ಬಂದವರು 64ರ ಶೇ. 20ನ್ನು ಕಂಡುಹಿಡಿದು ಕೂಡಿಸಿ 76.80 ಎಂದು ಬರೆಯುತ್ತಾರೆ. ರಿಯಾಯಿತಿ ಕೊಟ್ಟದ್ದು ಮೂಲ ಬೆಲೆಯ ಮೇಲೆ, ಹಾಗಾಗಿ 64 ಎನ್ನುವುದು ಮೂಲ ಬೆಲೆಯ ಶೇ. 80 ಎಂದು ಮೊದಲು ಗ್ರಹಿಸಿದವರಿಗೆ 80 ಪೌಂಡ್ ಎಂಬ ಉತ್ತರ ಎರಡೇ ಸಾಲಿನಲ್ಲಿ ಸಿಗುತ್ತದೆ. ಲೆಕ್ಕ ಮಾಡಿದ ಹಂತಗಳಿಗೂ ಅಂಕವಿರುವುದರಿಂದ ಮನಸ್ಸಿನಲ್ಲೇ ಮಾಡಿ ಉತ್ತರವನ್ನಷ್ಟೇ ಬರೆಯುವ ಅಭ್ಯಾಸವಿದ್ದರೆ ಬಿಟ್ಟುಬಿಡಿ. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳು ಪರೀಕ್ಷಾ ಮಂಡಳಿಗಳ ಜಾಲತಾಣಗಳಲ್ಲಿ ಉಚಿತವಾಗಿ ಸಿಗುತ್ತವೆ. ಶಿರಸಿಯಲ್ಲಿರುವಾಗಲೇ, ಶಾಲೆ ಬಿಟ್ಟ ಮೇಲೆ ದಿನಕ್ಕೊಂದು ಗಂಟೆ ಇದಕ್ಕೆ ಕೊಡಲು ಅಡ್ಡಿಯಿಲ್ಲ.

ಇಂಗ್ಲಿಷಿನ ವಿಚಾರದಲ್ಲಿ ನಿಮ್ಮ ಪ್ರಶ್ನೆ ಐಇಎಲ್‌ಟಿಎಸ್ ಕುರಿತು. ಪರದೇಶದಲ್ಲಿ ಓದಿದವರಿಂದ ಸಂಸ್ಥೆಗಳು ಭಾಷಾ ಸಾಮರ್ಥ್ಯದ ಪುರಾವೆಯಾಗಿ ಅದನ್ನು ಕೇಳುತ್ತವೆ, ವಿದ್ಯಾರ್ಥಿ ವೀಸಾಕ್ಕೂ ಅಂಥ ಪುರಾವೆ ಬೇಕಾಗುತ್ತದೆ. ಆದರೆ ಜಿಸಿಎಸ್‌ಇ ಇಂಗ್ಲಿಷಿನ ಜಾಗದಲ್ಲಿ ಅದು ತಾನಾಗಿಯೇ ಸಲ್ಲುವುದಿಲ್ಲ. ಕೆಲವು ಸಂಸ್ಥೆಗಳು ಹೆಚ್ಚಿನ ಅಂಕವಿದ್ದರೆ ಒಪ್ಪಿಯಾವು, ಕೆಲವು ಎರಡನ್ನೂ ಬೇರೆ ಬೇರೆಯಾಗಿಯೇ ಕೇಳುತ್ತವೆ. ಇದೂ ನಿಮ್ಮ ಇಮೇಲಿನಲ್ಲಿ ಕೇಳಬೇಕಾದ ಪ್ರಶ್ನೆ. ಐಇಎಲ್‌ಟಿಎಸ್ ಫಲಿತಾಂಶದ ಆಯುಸ್ಸು ಎರಡೇ ವರ್ಷ ಆದ್ದರಿಂದ ಉತ್ತರ ಬರುವ ಮೊದಲೇ ಅವಸರಪಟ್ಟು ಬರೆಯಬೇಡಿ. ಇಂಗ್ಲಿಷಿನಲ್ಲಿಯೂ ಜಿಸಿಎಸ್‌ಇ ಅಥವಾ ತತ್ಸಮಾನ ಪರೀಕ್ಷೆ ಬರೆಯಬೇಕಾಗಿ ಬಂದರೆ, ಅದರಲ್ಲಿ ಪಠ್ಯಪುಸ್ತಕದ ಪ್ರಶ್ನೋತ್ತರಗಳಿರುವುದಿಲ್ಲ ಎಂಬುದನ್ನು ಗಮನಿಸಿ. ಹಿಂದೆಂದೂ ಓದಿರದ ಗದ್ಯಭಾಗ ಕೊಟ್ಟು, ಲೇಖಕರು ಆ ಪದವನ್ನೇ ಏಕೆ ಬಳಸಿದರು, ಎರಡು ಬರಹಗಳ ನಿಲುವು ಎಲ್ಲಿ ಬೇರೆಯಾಗುತ್ತದೆ ಎಂದು ಕೇಳುತ್ತಾರೆ. ಸ್ವಂತ ವಾಕ್ಯಗಳಲ್ಲಿ ಒಂದು ಪತ್ರವನ್ನೋ ವರ್ಣನೆಯನ್ನೋ ಬರೆಯಬೇಕು. ಗೈಡ್ ನೋಡಿ ಪ್ರಬಂಧ ಕಂಠಪಾಠ ಮಾಡಿ 57 ಪಡೆದಿದ್ದರೆ ಆ ರೂಢಿ ಇಲ್ಲಿ ಉಪಯೋಗಕ್ಕೆ ಬಾರದು. ದಿನಕ್ಕೊಂದು ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಓದಿ ಅದನ್ನು ಐದು ಸಾಲಿಗೆ ಇಳಿಸುವ ಅಭ್ಯಾಸ ಇಂದೇ ಆರಂಭಿಸಿ.

ವಿಜ್ಞಾನಕ್ಕೆ ಜೀವಶಾಸ್ತ್ರದಂಥ ಒಂದೇ ವಿಷಯ ಸಾಕಾಗುತ್ತದೆ. ಇಲ್ಲಿ ತತ್ಸಮಾನ ಪರೀಕ್ಷೆಯೇ ಅನುಕೂಲ ಎನ್ನಲು ಕಾರಣ ಪರೀಕ್ಷೆಗಳ ಕಾಲಪಟ್ಟಿ. ಜಿಸಿಎಸ್‌ಇ ಮುಖ್ಯ ಪರೀಕ್ಷೆ ಮೇ–ಜೂನ್‌ನಲ್ಲಿ ನಡೆದು ಆಗಸ್ಟಿನಲ್ಲಿ ಫಲಿತಾಂಶ ಬರುತ್ತದೆ. ನವೆಂಬರಿನಲ್ಲಿ ನಡೆಯುವ ಇನ್ನೊಂದು ಸುತ್ತು ಇಂಗ್ಲಿಷ್ ಭಾಷೆ ಮತ್ತು ಗಣಿತಕ್ಕೆ ಮಾತ್ರ, ವಿಜ್ಞಾನಕ್ಕಿಲ್ಲ. ನವೆಂಬರಿನಲ್ಲಿ ಬರೆದವರಿಗೆ ಜನವರಿಯಲ್ಲಿ ಫಲಿತಾಂಶ ಸಿಗುತ್ತದೆ. ತರಬೇತಿ ಶುರುವಾಗುವುದು ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ ಆದ್ದರಿಂದ ಆಗಸ್ಟಿನ ಫಲಿತಾಂಶವನ್ನು ನೆಚ್ಚಿಕೊಂಡವರು ಕೊನೆಯ ವಾರದವರೆಗೆ ಉಸಿರು ಬಿಗಿಹಿಡಿದು ಕೂರಬೇಕು, ಒಂದು ಗ್ರೇಡ್ ಕಡಿಮೆಯಾದರೆ ವರ್ಷವೇ ಹೋಯಿತು. ನೀವು ಬರುವ ವರ್ಷ ಬೇಸಿಗೆಯ ಹೊತ್ತಿಗೆ ಅಲ್ಲಿ ತಲುಪುವುದಾದರೆ ನವೆಂಬರಿನ ಗಣಿತ ಪರೀಕ್ಷೆಗೆ ಕುಳಿತು, ಅದರ ಮುಂದಿನ ಸೆಪ್ಟೆಂಬರಿನ ತರಬೇತಿಗೆ ಅರ್ಜಿ ಹಾಕುವುದು ವಿವೇಕದ ಕ್ರಮ. ಖಾಸಗಿ ಅಭ್ಯರ್ಥಿಗಳನ್ನು ಎಲ್ಲ ಶಾಲೆಗಳೂ ಒಪ್ಪುವುದಿಲ್ಲ, ಒಪ್ಪುವ ಕೇಂದ್ರವನ್ನು ಹುಡುಕಿ, ಅಕ್ಟೋಬರ್ ಹುಟ್ಟುವ ಮೊದಲೇ ಹೆಸರು ನೋಂದಾಯಿಸಬೇಕು. ಭಾರತದಲ್ಲಿದ್ದೇ ಬರೆಯುವುದಾದರೆ ಜಿಸಿಎಸ್‌ಇಯ ಅಂತಾರಾಷ್ಟ್ರೀಯ ರೂಪವಾದ ಕೇಂಬ್ರಿಜ್‌ನ ಐಜಿಸಿಎಸ್‌ಇ ಇದೆ. ಆದರೆ ಖಾಸಗಿ ಅಭ್ಯರ್ಥಿಗಳಿಗೆ ಅವಕಾಶ ಕೊಡುವ ಕೇಂದ್ರಕ್ಕಾಗಿ ನಮ್ಮ ಜಿಲ್ಲೆಯವರು ಬೆಂಗಳೂರಿನಂಥ ದೊಡ್ಡ ನಗರದ ದಾರಿ ಹಿಡಿಯಬೇಕಾಗುತ್ತದೆ, ಖರ್ಚೂ ಹೆಚ್ಚು.

ಅರ್ಜಿ ಹಾಕಲು ಫಲಿತಾಂಶ ಬರುವವರೆಗೆ ಕಾಯಬೇಕಾಗಿಲ್ಲ. ಇಂಗ್ಲೆಂಡಿನ ಅರ್ಜಿಗಳು ಸರ್ಕಾರಿ ಜಾಲತಾಣದ ಮೂಲಕವೇ ಸಲ್ಲಿಕೆಯಾಗುತ್ತವೆ, ಅದಕ್ಕೆ ಶುಲ್ಕವಿಲ್ಲ, ಪ್ರತಿ ವರ್ಷ ಅಕ್ಟೋಬರಿನಲ್ಲಿ ತೆರೆಯುತ್ತದೆ. ಗಣಿತದ ಅರ್ಹತೆ ಕೇಳುವ ಜಾಗದಲ್ಲಿ ‘ಇನ್ನೂ ಇಲ್ಲ’ ಎಂದು ಗುರುತಿಸಿ, ಅದಕ್ಕಾಗಿ ಈಗ ಏನು ಓದುತ್ತಿದ್ದೀರಿ, ಯಾವಾಗ ಪರೀಕ್ಷೆ ಎಂದು ವಿವರಿಸಲು ಅವಕಾಶವಿದೆ. ಅಲ್ಲಿ ಸತ್ಯವನ್ನೇ ಬರೆಯಿರಿ. ಎಸ್ಸೆಸ್ಸೆಲ್ಸಿಯನ್ನೇ ಜಿಸಿಎಸ್‌ಇ ಎಂದು ತುಂಬಿ ಮುಂದೆ ದಾಖಲೆ ಪರಿಶೀಲನೆಯಲ್ಲಿ ಸಿಕ್ಕಿಬಿದ್ದರೆ, ಕಡಿಮೆ ಅಂಕಕ್ಕಿಂತ ದೊಡ್ಡ ಕಳಂಕ ಅದು. ಪ್ರಾಥಮಿಕ ತರಬೇತಿಯ ಸೀಟುಗಳು ಬೇಗ ತುಂಬುವುದರಿಂದ ಅಕ್ಟೋಬರ್–ನವೆಂಬರಿನಲ್ಲೇ ಅರ್ಜಿ ಹೋದರೆ ಒಳ್ಳೆಯದು. ಸಂದರ್ಶನ ಚೆನ್ನಾಗಿ ಆದರೆ ‘ಗಣಿತದಲ್ಲಿ ಗ್ರೇಡ್ 4 ಬಂದರೆ’ ಎಂಬ ಷರತ್ತಿನೊಂದಿಗೆ ಸೀಟು ಕೊಡುವ ಪದ್ಧತಿ ಅಲ್ಲಿ ಇದ್ದೇ ಇದೆ.

ಏಜೆಂಟರ ಎರಡು ಮಾತುಗಳಲ್ಲಿ ಮೊದಲನೆಯದು ಅರ್ಧಸತ್ಯ. ಆನ್‌ಲೈನಿನಲ್ಲಿ ಸಿಗುವ ಅಂತಾರಾಷ್ಟ್ರೀಯ ಪಿಜಿಸಿಇ ನಿಜವಾದ ಕೋರ್ಸೇ ಹೌದು, ಅದಕ್ಕೆ ಜಿಸಿಎಸ್‌ಇ ಕೇಳದವರೂ ಇದ್ದಾರೆ. ಆದರೆ ಅದರಿಂದ ಕ್ಯೂಟಿಎಸ್, ಅಂದರೆ ಇಂಗ್ಲೆಂಡಿನ ಸರ್ಕಾರಿ ವ್ಯವಸ್ಥೆಯಲ್ಲಿ ಅರ್ಹ ಶಿಕ್ಷಕರೆಂಬ ಮಾನ್ಯತೆ ಸಿಗುವುದಿಲ್ಲ. ಬೇರೆ ದೇಶಗಳ ಅಂತಾರಾಷ್ಟ್ರೀಯ ಶಾಲೆಗಳಲ್ಲಿ ಕೆಲಸ ಹುಡುಕುವವರಿಗೆ ಅದು ಉಪಯುಕ್ತ, ನಿಮ್ಮ ಉದ್ದೇಶಕ್ಕೆ ಅಲ್ಲ. ಹೆಸರು ಹೋಲುವ ಕಾರಣಕ್ಕೆ ಇದರೊಂದಿಗೆ ಗೊಂದಲವಾಗುವ ಇನ್ನೊಂದು ಅರ್ಹತೆ ಐಕ್ಯೂಟಿಎಸ್. 2022ರಲ್ಲಿ ಆರಂಭವಾದ ಇದನ್ನು ಅಲ್ಲಿನ ಶಿಕ್ಷಣ ಇಲಾಖೆಯೇ ಮಾನ್ಯ ಮಾಡಿದೆ, ಇಂಗ್ಲೆಂಡಿನ ಹೊರಗಿದ್ದೇ ಪಡೆಯಬಹುದು, ಆದರೆ ಗಣಿತ ಮತ್ತು ಇಂಗ್ಲಿಷಿನ ಅದೇ ಮಟ್ಟವನ್ನು ಅದೂ ಕೇಳುತ್ತದೆ. ಇನ್ನು ‘ತತ್ಸಮಾನ ಪ್ರಮಾಣಪತ್ರ’ ಮಾಡಿಸಿಕೊಡುವ ಮಾತನ್ನು ಪೂರ್ತಿ ತಳ್ಳಿಹಾಕಿ. ಪರೀಕ್ಷೆ ಬರೆಯದೆ ಮಟ್ಟವನ್ನು ದೃಢೀಕರಿಸುವ ಅಧಿಕಾರ ಯಾವ ಏಜೆಂಟರಿಗೂ ಇಲ್ಲ.

ಬಿ.ಎಡ್. ಬಗ್ಗೆ ಕೇಳಿದ್ದೀರಿ. ಕುಮಟಾದಲ್ಲೇ ಬಿ.ಎಡ್. ಕಾಲೇಜಿದೆ, ಪ್ರಾಥಮಿಕ ಶಿಕ್ಷಕರ ಡಿ.ಎಲ್.ಎಡ್. ಕೊಡುವ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಕೂಡ ಅಲ್ಲಿಯೇ ಇದೆ. ಮುಂದೆ ಎಂದಾದರೂ ಊರಿಗೆ ಮರಳಿ ಕಲಿಸುವ ಯೋಚನೆಯಿದ್ದರೆ ಅವು ವ್ಯರ್ಥವಲ್ಲ. ಆದರೆ ಇಂಗ್ಲೆಂಡಿನ ದೃಷ್ಟಿಯಿಂದ ನೋಡಿದರೆ ಲೆಕ್ಕ ಬೇರೆ. ಪರದೇಶದ ಅರ್ಹ ಶಿಕ್ಷಕರಿಗೆ ನೇರವಾಗಿ ಕ್ಯೂಟಿಎಸ್ ಕೊಡುವ ಸೌಲಭ್ಯವನ್ನು 2023ರಲ್ಲಿ ಭಾರತದವರಿಗೂ ವಿಸ್ತರಿಸಿದ್ದಾರೆ. ಅದು 11ರಿಂದ 16 ವರ್ಷದ ಮಕ್ಕಳಿಗೆ ಗಣಿತ, ವಿಜ್ಞಾನ ಅಥವಾ ಇಂಗ್ಲಿಷೇತರ ಭಾಷೆಗಳನ್ನು ಕಲಿಸುವ ಅರ್ಹತೆ ಪಡೆದವರಿಗೆ ಸೀಮಿತ. ಪ್ರಾಥಮಿಕ ಶಿಕ್ಷಕರು ಅದರ ವ್ಯಾಪ್ತಿಗೆ ಬರುವುದಿಲ್ಲ. ನಿಮ್ಮಂತೆ ಕಲಾ ವಿಭಾಗದ ಪದವಿ ಪಡೆದವರು ಎರಡು ವರ್ಷ ಬಿ.ಎಡ್. ಓದಿ ಹೋದರೂ ಅಲ್ಲಿ ಮತ್ತೆ ಪಿಜಿಸಿಇ ಬಾಗಿಲಿಗೇ ಬಂದು ನಿಲ್ಲಬೇಕಾಗುತ್ತದೆ. ಬಿ.ಎಸ್ಸಿ., ಬಿ.ಎಡ್. ಮುಗಿಸಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿರುವ ಸಹೋದ್ಯೋಗಿಗಳು ನಿಮಗಿದ್ದರೆ ಈ ಸಂಗತಿಯನ್ನು ಅವರಿಗೆ ತಿಳಿಸಿ, ಅವರ ಮಾರ್ಗ ನಿಮ್ಮದಕ್ಕಿಂತ ಹತ್ತಿರದ್ದು.

ಇಂಗ್ಲೆಂಡಿನ ಈ ನಿಯಮಗಳು ಬ್ರಿಟನ್ನಿಗೆಲ್ಲ ಅನ್ವಯಿಸುವುದಿಲ್ಲ. ಸ್ಕಾಟ್ಲೆಂಡಿನಲ್ಲಿ ಇಂಗ್ಲಿಷಿಗೆ ‘ಹೈಯರ್’ ಎಂಬ ಮೇಲಿನ ಹಂತವನ್ನೇ ಕೇಳುತ್ತಾರೆ, ನೆರೆಯ ಬೇರೆ ದೇಶವಾದ ಐರ್ಲೆಂಡಿನ ಪ್ರಾಥಮಿಕ ಶಾಲೆಗಳಿಗೆ ಐರಿಶ್ ಭಾಷೆ ಬರಬೇಕು. ಪತಿಯ ಕೆಲಸ ಇಂಗ್ಲೆಂಡಿನಲ್ಲೇ ಇರುವಾಗ ನೀವು ಅತ್ತ ನೋಡುವ ಅಗತ್ಯವಿಲ್ಲ.

ವೀಸಾ ವಿಚಾರದಲ್ಲಿ ನಿಮ್ಮ ಸ್ಥಿತಿ ಬೇರೆಯವರಿಗಿಂತ ಹಗುರ. ಕೆಲಸದ ವೀಸಾದಲ್ಲಿರುವವರ ಅವಲಂಬಿತರು ಅಲ್ಲಿ ಓದಬಹುದು, ಕೆಲಸವನ್ನೂ ಮಾಡಬಹುದು. ಆದ್ದರಿಂದ ವಿದ್ಯಾರ್ಥಿ ವೀಸಾ ಪ್ರಾಯೋಜಿಸುವ ಪರವಾನಗಿ ಇಲ್ಲದ, ಶಾಲೆಗಳೇ ನಡೆಸುವ ತರಬೇತಿಗಳೂ ನಿಮ್ಮ ಆಯ್ಕೆಯಲ್ಲಿ ಉಳಿಯುತ್ತವೆ. ಶುಲ್ಕದ ಮಾತು ಹಾಗಲ್ಲ. 2025–26ರಲ್ಲಿ ಸ್ಥಳೀಯರಿಗೆ ವರ್ಷದ ಶುಲ್ಕದ ಮಿತಿ 9,535 ಪೌಂಡ್. ಕಾಯಂ ನೆಲೆಯ ಹಕ್ಕು ಇಲ್ಲದವರನ್ನು ಸಾಮಾನ್ಯವಾಗಿ ಅಂತಾರಾಷ್ಟ್ರೀಯ ವಿದ್ಯಾರ್ಥಿಗಳೆಂದು ಎಣಿಸಿ ಅದಕ್ಕಿಂತ ಸಾಕಷ್ಟು ಹೆಚ್ಚು ಕೇಳುತ್ತಾರೆ, ಸರ್ಕಾರಿ ಶಿಕ್ಷಣ ಸಾಲವೂ ಸಿಗುವುದಿಲ್ಲ. ವಯಸ್ಕರಿಗೆ ಗಣಿತ, ಇಂಗ್ಲಿಷ್ ಉಚಿತವಾಗಿ ಕಲಿಸುವ ಅಲ್ಲಿನ ಕಾಲೇಜು ತರಗತಿಗಳಿಗೂ ಮೂರು ವರ್ಷ ವಾಸದಂಥ ನಿಯಮಗಳಿರುವುದರಿಂದ ಹೊಸದಾಗಿ ಹೋದವರಿಗೆ ಅವು ದಕ್ಕುವುದು ಕಷ್ಟ. ಮೊದಲ ವರ್ಷ ಪರೀಕ್ಷೆಗೆ ಓದುತ್ತಲೇ ಹತ್ತಿರದ ಪ್ರಾಥಮಿಕ ಶಾಲೆಯಲ್ಲಿ ಸಹಾಯಕ ಶಿಕ್ಷಕಿಯಾಗಿ ದುಡಿದರೆ ಅನುಭವವೂ ಆಗುತ್ತದೆ, ಶುಲ್ಕಕ್ಕೆ ಒಂದಿಷ್ಟು ಕೂಡಿಡಲೂ ಆಗುತ್ತದೆ.

ಹೊರಡುವ ಮೊದಲು ಇಲ್ಲಿಯೇ ಮುಗಿಸಬೇಕಾದ ಕಾಗದದ ಕೆಲಸಗಳು ಕೆಲವಿವೆ. ನಮ್ಮ ಜಿಲ್ಲೆಯ ನಾಯ್ಕ, ಹೆಗಡೆ, ಗೌಡ ಮುಂತಾದ ಅಡ್ಡಹೆಸರುಗಳನ್ನು ಇಂಗ್ಲಿಷಿನಲ್ಲಿ ಒಂದು ಕಡೆ ಬರೆದಂತೆ ಇನ್ನೊಂದು ಕಡೆ ಬರೆದಿರುವುದಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ತಂದೆಯ ಹೆಸರು ಸೇರಿ, ಪದವಿಯಲ್ಲಿ ಇನಿಶಿಯಲ್ ಮಾತ್ರ ಇದ್ದು, ಪಾಸ್‌ಪೋರ್ಟಿನಲ್ಲಿ ಮದುವೆಯ ನಂತರದ ಹೆಸರು ಬಂದಿದ್ದರೆ ಮೂವರು ಬೇರೆ ಬೇರೆ ವ್ಯಕ್ತಿಗಳೆಂಬ ಅನುಮಾನ ಬರುತ್ತದೆ. ವಿವಾಹ ನೋಂದಣಿ ಪತ್ರ ಮತ್ತು ನೋಟರಿಯ ಮುಂದೆ ಮಾಡಿದ ಪ್ರಮಾಣಪತ್ರ ಇಟ್ಟುಕೊಳ್ಳಿ. ಪದವಿಯ ಟ್ರಾನ್ಸ್‌ಕ್ರಿಪ್ಟನ್ನು ಧಾರವಾಡದ ವಿಶ್ವವಿದ್ಯಾಲಯದಿಂದ ಈಗಲೇ ತರಿಸಿಕೊಳ್ಳಿ, ಪರದೇಶದಿಂದ ಅದನ್ನು ತರಿಸುವುದು ಮನೆಯವರಿಗೆಲ್ಲ ಓಡಾಟ. ಮಕ್ಕಳೊಂದಿಗೆ ಕೆಲಸ ಮಾಡುವವರ ಹಿನ್ನೆಲೆಯನ್ನು ಅಲ್ಲಿ ಕಟ್ಟುನಿಟ್ಟಾಗಿ ಪರಿಶೀಲಿಸುವುದರಿಂದ ಭಾರತದ ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರವೂ ಬೇಕಾದೀತು, ಪಾಸ್‌ಪೋರ್ಟ್ ಸೇವಾ ವ್ಯವಸ್ಥೆಯ ಮೂಲಕ ಅದಕ್ಕೆ ಅರ್ಜಿ ಹಾಕಬಹುದು.

ಈಗಿನ ಶಾಲೆಯಿಂದ ಬಿಡುಗಡೆ ಪಡೆಯುವಾಗ ಅನುಭವ ಪತ್ರದಲ್ಲಿ ‘ಶಿಕ್ಷಕಿಯಾಗಿ ಕೆಲಸ ಮಾಡಿದ್ದಾರೆ’ ಎಂಬ ಒಂದು ಸಾಲಿಗೆ ಒಪ್ಪಬೇಡಿ. ಯಾವ ತರಗತಿ, ಯಾವ ವಿಷಯ, ಎಷ್ಟು ಮಕ್ಕಳು, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಎಂದು ಬರೆಸಿಕೊಳ್ಳಿ. ಸೀಟು ಒಪ್ಪಿಕೊಂಡ ಮೇಲೆ ಸಂಸ್ಥೆಯವರು ನಿಮ್ಮ ಮುಖ್ಯಾಧ್ಯಾಪಕರಿಗೆ ನೇರವಾಗಿ ಇಮೇಲ್ ಮಾಡಿ ಅಭಿಪ್ರಾಯ ಕೇಳುತ್ತಾರೆ. ಆಗ ಶಾಲೆಯ ಹೆಸರಿನ ಅಧಿಕೃತ ಇಮೇಲ್ ವಿಳಾಸದಿಂದ ಉತ್ತರ ಹೋದರೆ ಬೇಗ ನಂಬುತ್ತಾರೆ. ನಮ್ಮ ಕಡೆಯ ಅನೇಕ ಖಾಸಗಿ ಶಾಲೆಗಳು ಇನ್ನೂ ಯಾರದೋ ವೈಯಕ್ತಿಕ ಜಿಮೇಲ್ ವಿಳಾಸದಲ್ಲೇ ವ್ಯವಹರಿಸುತ್ತವೆ. ನಿಮ್ಮ ಶಾಲೆಯದೂ ಹಾಗೇ ಇದ್ದರೆ, ಆ ವಿಳಾಸವೇ ಶಾಲೆಯ ಅಧಿಕೃತ ವಿಳಾಸವೆಂದು ಲೆಟರ್‌ಹೆಡ್‌ನಲ್ಲಿ ಮುದ್ರೆಯೊಂದಿಗೆ ಒಂದು ಪತ್ರ ಬರೆಸಿ, ಸ್ಕ್ಯಾನ್ ಮಾಡಿ ಜೊತೆಗಿಟ್ಟುಕೊಂಡು ಹೋಗಿ.